ಮೂರನೆಯ ಕ್ಯಾಮ್

"ಮೂರನೇದನ್ನ ಮುಟ್ಟಲೇಬೇಡಿ ಭಾವ. ಅದು ಸಂಸಾರಸ್ಥರಿಗಲ್ಲ."

ಭಾಮೈದ ಹಾಗೆನ್ನುವಾಗ ಮೇಸ್ತ್ರಿಯ ಹೆಬ್ಬೆರಳು ಆಗಲೇ ಮೂರನೆಯದರ ಮೇಲಿತ್ತು.

ಬಿಡಿಭಾಗಗಳ ಅಂಗಡಿಯ ಕೌಂಟರಿನ ಮೇಲೆ ಹಳೇ ಪೇಪರು ಹಾಸಿ ಮೂರು ಕ್ಯಾಮ್‌ಶಾಫ್ಟ್‌ಗಳನ್ನು ಸಾಲಾಗಿ ಮಲಗಿಸಿತ್ತು. ಮೊಳದುದ್ದದ ಉಕ್ಕಿನ ಕೋಲುಗಳು. ಮೈತುಂಬ ಎಣ್ಣೆ, ಎಣ್ಣೆಯಡಿಯಲ್ಲಿ ಮೊಟ್ಟೆಯ ತುದಿಯಂಥ ಉಬ್ಬುಗಳು. ಎಂಜಿನ್ನಿನೊಳಗೆ ಈ ಕೋಲು ತಿರುಗುತ್ತಿದ್ದಂತೆ ಒಂದೊಂದು ಉಬ್ಬೂ ಒಂದೊಂದು ವಾಲ್ವನ್ನು ತಳ್ಳಿ ತೆರೆಯುತ್ತದೆ. ಎಂಜಿನ್ ಉಸಿರೆಳೆಯುವುದು, ಬಿಡುವುದು, ಎಲ್ಲ ಈ ಉಬ್ಬುಗಳ ಮರ್ಜಿ. ಕಣ್ಣಿಗೆ ಮೂರೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತಿದ್ದವು. ವ್ಯತ್ಯಾಸ ಹೆಬ್ಬೆರಳಿಗೆ ಮಾತ್ರ ಗೊತ್ತಾಗುತ್ತಿತ್ತು.

"ಮೊದಲನೇದು ಕಂಪನಿಯವರು ಹಾಕ್ತಾರಲ್ಲ, ಅದೇ ಥರದ್ದು. ಸಾಧು ಪ್ರಾಣಿ" ಎಂದು ಭಾಮೈದ ಶುರುಮಾಡಿದ. ಅವನಿಗೆ ಈ ವಿಷಯ ಸಿಕ್ಕರೆ ಊಟ ಬೇಡ, ನಿದ್ದೆ ಬೇಡ. "ಎರಡನೇದು ಹಾಕ್ಕೊಳ್ಳಿ, ಪಿಕಪ್ ನೋಡಿ ಆಮೇಲೆ! ಏರಲ್ಲಿ ಗೇರ್ ಇಳಿಸೋದೇ ಬೇಡ. ಪೇಟೇಲೂ ಮರ್ಯಾದೆಯಿಂದ ಓಡತ್ತೆ. ನಿಮ್ಮ ಗಾಡಿಗೆ ಹೇಳಿ ಮಾಡಿಸಿದ ಹಾಗಿದೆ. ಈ ಮೂರನೇದು ಯಾರೋ ರೇಸಿನ ಹುಡುಗರು ತರಿಸಿದ್ದು, ತಗೊಂಡು ಹೋಗ್ಲೇ ಇಲ್ಲ. ಎಂಜಿನ್ನು ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ದಾಟೋವರೆಗೂ ಇದಕ್ಕೆ ಜೀವಾನೇ ಬರಲ್ಲ. ನಿಂತಲ್ಲಿ ಗುಡುಗುಡು ಅಂತ ನಡುಗ್ತಾ ಇರತ್ತೆ, ಚಳಿಜ್ವರ ಬಂದೋರ ಹಾಗೆ."

"ಎಷ್ಟು ನಡುಗತ್ತೆ?"

"ಏನು ಎಷ್ಟು?"

"ನಿಂತಾಗ, ಐಡ್ಲಿಂಗಲ್ಲಿ. ಗೇಟಿನ ಹತ್ರ ನಿಲ್ಲಿಸಿದ್ರೆ ಮನೆ ಒಳಗಿರೋರಿಗೆ ಗೊತ್ತಾಗತ್ತಾ?"

ಭಾಮೈದ ಕನ್ನಡಕವನ್ನು ಹಣೆಗೇರಿಸಿ ಭಾವನನ್ನು ನೋಡಿದ. ಆ ಕೌಂಟರಿನ ಹಿಂದೆ ಕೂತು ಅವನ ತಲೆ ಬೋಳಾಗಿತ್ತು. ಎಷ್ಟು ಜೋರಾಗಿ ಓಡುತ್ತದೆ ಎಂದು ಕೇಳಿದವರುಂಟು, ಎಷ್ಟು ಪೆಟ್ರೋಲು ಕುಡಿಯುತ್ತದೆ ಎಂದು ಕೇಳಿದವರುಂಟು. ಗಾಡಿ ಹೇಗೆ ನಿಲ್ಲುತ್ತದೆ ಎಂದು ಈವರೆಗೆ ಒಬ್ಬನೂ ಕೇಳಿರಲಿಲ್ಲ.

"ಗೊತ್ತಾಗದೇ ಏನು? ಪಕ್ಕದ ಮನೆಯೋರಿಗೂ ಗೊತ್ತಾಗತ್ತೆ, ಬೈಯಕ್ಕೂ ಬರ್ತಾರೆ. ಭಾವ, ಏನು ನಿಮ್ಮ ಕಥೆ? ಈ ವಯಸ್ಸಲ್ಲಿ ರೇಸಿಗಿಳೀತೀರಾ? ಅಕ್ಕಂಗೆ ಹೇಳಿದ್ದೀರಾ?"

"ಅವಳಿಗೆ ಹೇಳ್ಬೇಡ" ಎಂದ ಮೇಸ್ತ್ರಿ. "ಇದನ್ನೇ ಕಟ್ಟು."

ಅಕ್ಕ ಎಂದರೆ ಮೇಸ್ತ್ರಿಯ ಹೆಂಡತಿ. ಅವಳಿಗೊಂದು ಹೆಸರಿತ್ತು, ನಿಜ. ಆದರೆ ಗ್ಯಾರೇಜಿಗೆ ಬರುವ ಡ್ರೈವರುಗಳ ಬಾಯಲ್ಲಿ ಅವಳು ಕಿವಿಯಮ್ಮ. ಮನೆಯ ಮುಂದೆಯೇ ಗ್ಯಾರೇಜು. ಗಂಡ ಸ್ಪಾನರು ಹಿಡಿದು ಎಂಜಿನ್ನಿನೊಳಗೆ ಬಗ್ಗಿದರೆ ಅವಳು ಸ್ಟೂಲಿನ ಮೇಲೆ ಕೂತು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಳ್ಳುತ್ತಿದ್ದಳು. "ಎರಡನೇ ವಾಲ್ವು ಸಡಿಲ." "ಚೈನು ಸವೆದಿದೆ." "ಏನೂ ಆಗಿಲ್ಲ, ಡ್ರೈವರಿಗೇ ಭ್ರಮೆ." ಅವಳು ಹೇಳಿದರೆ ಮುಗಿಯಿತು, ಬಿಚ್ಚಿ ನೋಡುವ ಮಾತೇ ಇಲ್ಲ. ಮೇಸ್ತ್ರಿಯ ಕೈ, ಕಿವಿಯಮ್ಮನ ಕಿವಿ. ಹೀಗೆ ಇಬ್ಬರೂ ಸೇರಿ ಒಬ್ಬ ಒಳ್ಳೆಯ ಮೆಕ್ಯಾನಿಕ್ಕಾಗಿದ್ದರು.

ಆ ಕಿವಿ ಹೋಗುತ್ತಿದ್ದದ್ದು ಅವಳಿಗೇ ತಿಳಿದದ್ದು ತಡವಾಗಿ. ಒಂದು ಟ್ಯಾಕ್ಸಿಯ ಎಂಜಿನ್ನನ್ನು ಕೇಳಿ "ಸರಿಯಾಗಿದೆ, ಕಳಿಸಿ" ಎಂದಳು. ಒಳಗೆ ಬೇರಿಂಗು ಕುಟ್ಟುತ್ತಿದ್ದದ್ದು ಮೇಸ್ತ್ರಿಗೆ ಬರಿಗಿವಿಯಲ್ಲೇ ಕೇಳಿಸಿತ್ತು. ಆದರೆ ಅವಳು ಸರಿಯಾಗಿದೆ ಎಂದ ಮೇಲೆ ತನ್ನ ಕಿವಿಯೇ ಸುಳ್ಳು ಎಂದುಕೊಂಡು ಬಾನೆಟ್ಟು ಮುಚ್ಚಿದ. ಟ್ಯಾಕ್ಸಿ ನಡುದಾರಿಯಲ್ಲಿ ಎಂಜಿನ್ ಜಾಮಾಗಿ ನಿಂತಿತು. ಅದನ್ನು ಎಳೆಸಿಕೊಂಡು ಬಂದ ಡ್ರೈವರು ಕೂಗಾಡಿದ್ದರೆ ಚೆನ್ನಾಗಿತ್ತು. ಅವನು ಒಂದು ಮಾತೂ ಆಡದೆ ಕಿವಿಯಮ್ಮನ ಮುಖವನ್ನು ನೋಡಿದ, ಅಷ್ಟೆ. ಅವಳು ಸ್ಕ್ರೂಡ್ರೈವರನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಒಳಗೆ ಹೋದಳು. ಮತ್ತೆ ಗ್ಯಾರೇಜಿಗೆ ಕಾಲಿಡಲಿಲ್ಲ. ಕಿವಿಯಮ್ಮ ಎಂಬ ಹೆಸರನ್ನು ಯಾರೂ ಎತ್ತಲಿಲ್ಲ. ಹಾಗೆ ಎತ್ತದೆ ಇದ್ದದ್ದೂ ಅವಳಿಗೆ ಗೊತ್ತಾಗುತ್ತಿತ್ತು.

ಡಾಕ್ಟರು ಕಿವಿಗೆ ಮೆಷಿನ್ನು ಕೊಟ್ಟರು. ಕೆಲವು ದಿನ ಹಾಕಿಕೊಂಡು, ಗುಂಡಿ ದಾರಗಳ ಡಬ್ಬಿಗೆ ಎಸೆದಳು. "ಇದರಲ್ಲಿ ಎಲ್ಲಾ ಒಂದೇ ಸದ್ದು. ತಟ್ಟೆ ಬಿದ್ರೂ ಒಂದೇ, ನೀವು ಮಾತಾಡಿದ್ರೂ ಒಂದೇ." ಭಾಮೈದ ಬಂದು, ಬೆಲ್ ಒತ್ತಿದರೆ ಅಡುಗೆಮನೆಯಲ್ಲಿ ಬಲ್ಬು ಉರಿಯುವಂತೆ ವೈರು ಎಳೆದುಕೊಟ್ಟ. ಬಲ್ಬು ಚೆನ್ನಾಗಿಯೇ ಉರಿಯುತ್ತಿತ್ತು. ಹಾಲಿನವನಿಗೂ ಉರಿಯುತ್ತಿತ್ತು, ಮೀಟರು ನೋಡುವವನಿಗೂ ಉರಿಯುತ್ತಿತ್ತು. ಬಲ್ಬಿಗೆ ಬಂದವರೆಲ್ಲ ಒಂದೇ.

ಮೇಸ್ತ್ರಿಯ ಸಂಕಟ ಇದೇ ಆಗಿತ್ತು. ಮೊದಲೆಲ್ಲ ಅವನ ಕಾರು ಬೀದಿಯ ಮೂಲೆಯಲ್ಲಿ ತಿರುಗುವಷ್ಟರಲ್ಲಿ ಗೇಟು ತೆರೆದಿರುತ್ತಿತ್ತು. ಅದು ಹಾಲುಬಣ್ಣದ ಹಳೆಯ ಡಬ್ಬದಂಥ ಕಾರು. ಮದುವೆಯಾದ ಹೊಸತರಲ್ಲಿ ಗುಜರಿಯಿಂದ ತಂದು ಇಬ್ಬರೂ ಸೇರಿ ಎಬ್ಬಿಸಿ ನಿಲ್ಲಿಸಿದ್ದು. ಬೀದಿಯಲ್ಲಿ ನೂರು ಗಾಡಿ ಓಡಾಡಲಿ, ಅವಳು ಯಾವುದಕ್ಕೂ ಏಳುತ್ತಿರಲಿಲ್ಲ. ಇದು ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಅಗುಳಿ ತೆಗೆಯುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಅವನು ಮನೆಯ ಮುಂದೆ ಹಾರ್ನು ಹೊಡೆದವನೇ ಅಲ್ಲ. ಹಾರ್ನು ಯಾವ ಕಾಲದಲ್ಲಿ ಕೆಟ್ಟಿತೋ, ಅದೂ ಅವನಿಗೆ ಗೊತ್ತಿರಲಿಲ್ಲ.

ಈಗ ಅವನೇ ಇಳಿದು, ಗೇಟು ತೆಗೆದು, ಮತ್ತೆ ಹತ್ತಿ, ಕಾರು ಒಳಗೆ ಬಿಟ್ಟು, ಮತ್ತೆ ಇಳಿದು ಗೇಟು ಮುಚ್ಚುತ್ತಿದ್ದ. ಲೋಕದ ಗಂಡಸರೆಲ್ಲ ಮಾಡುವ ಕೆಲಸವೇ, ಅದಕ್ಕೇನು ಬೇಜಾರಿಲ್ಲ. ಆಮೇಲಿನದು ತಡೆಯಲಾಗುತ್ತಿರಲಿಲ್ಲ. ಒಳಗೆ ಹೋದರೆ ಅವಳು ಬೆನ್ನು ಹಾಕಿ ನಿಂತಿರುತ್ತಿದ್ದಳು. ಅವನು ಎದುರಿಗೆ ಹೋಗಬೇಕು. ಹೋದರೆ ಬೆಚ್ಚಿಬಿದ್ದು ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದಳು. "ಅಯ್ಯೋ! ಯಾವಾಗ ಬಂದ್ರಿ?" ಸ್ವಂತ ಮನೆಗೆ ಕಳ್ಳನ ಹಾಗೆ ಬರುತ್ತಿದ್ದೇನಲ್ಲ ಎಂದು ಅವನಿಗೆ ಅಳು ಬರುತ್ತಿತ್ತು. ಅದೊಂದು ಅಗುಳಿಯ ಸದ್ದು ಕೇಳಿದರೆ ಸಾಕು, ಇನ್ನೇನೂ ಬೇಡ ಅನ್ನಿಸುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ, ಎಲ್ಲಿಂದಲೋ ಬಂದ ಮುದಿ ಲಾರಿಯೊಂದು ವಿಳಾಸ ಕೇಳಲು ಗೇಟಿನ ಮುಂದೆ ನಿಂತಿತು. ಎಂಜಿನ್ ಆರಿಸಿರಲಿಲ್ಲ, ಗಡಗಡ ಎನ್ನುತ್ತಿತ್ತು. ಊಟಕ್ಕೆ ಕೂತಿದ್ದ ಮೇಸ್ತ್ರಿಗೆ ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ತಲೆಯೆತ್ತಿದಳು. "ಯಾರೋ ಬಂದಂಗಿದೆ ಅಲ್ವಾ?"

ಅವಳಂದದ್ದು ಸರಿಯಾಗಿತ್ತು. ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು, ಕಾಲಡಿಯ ನೆಲವೂ. ಮೇಸ್ತ್ರಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ತಾನು ಬಂದರೆ ತಿರುಗದ ತಲೆ, ಬಣ್ಣಗೆಟ್ಟ ಒಂದು ಲಾರಿ ಬಂದರೆ ತಿರುಗುತ್ತದೆ! ಲಾರಿಯ ಮೇಲೆ ಹೊಟ್ಟೆಕಿಚ್ಚುಪಟ್ಟ ಗಂಡಸು ಪ್ರಪಂಚದಲ್ಲಿ ಅವನೊಬ್ಬನೇ ಇರಬೇಕು. ಕಾರಿನ ಹಳೆಯ ಕ್ಯಾಮು ಹೇಗೂ ಸವೆದುಹೋಗಿತ್ತು, ಬದಲಾಯಿಸಲೇಬೇಕಿತ್ತು. ಅಂದೇ ಸಂಜೆ ಭಾಮೈದನಿಗೆ ಫೋನು ಮಾಡಿ, ನಿನ್ನ ಹತ್ತಿರ ಏನೇನು ಕ್ಯಾಮಿದೆ ಎಂದು ಕೇಳಿದ.

ಕೆಲಸ ನಡೆದದ್ದು ಭಾಮೈದನ ಅಂಗಡಿಯ ಹಿತ್ತಿಲಿನ ಶೆಡ್ಡಿನಲ್ಲಿ. ಮನೆಯಲ್ಲಿ ಬಿಚ್ಚಿದರೆ ಅವಳ ಕಣ್ಣಿಗೆ ಬೀಳುತ್ತದೆ. ಕಿವಿ ಹೋಗಿರಬಹುದು, ಕಣ್ಣು ಮಾತ್ರ ಗಿಡುಗನದು. ಮೇಸ್ತ್ರಿ ರೇಡಿಯೇಟರು ಇಳಿಸಿ, ಚೈನು ಕಳಚಿ, ಸವೆದ ಕ್ಯಾಮನ್ನು ಹೊರಗೆಳೆದ. ಹೊಸದಕ್ಕೆ ಗಟ್ಟಿ ಸ್ಪ್ರಿಂಗುಗಳು ಬೇಕೆಂದು ಅವನ್ನೂ ಹಾಕಿದ. ವಾಲ್ವುಗಳ ಸಂದಿಗೆ ತೆಳು ತಗಡಿನ ಗೇಜು ತೂರಿಸಿ ಒಂದೊಂದೇ ಕೂರಿಸಿದ. ಕೂರಿಸಿದ ಮೇಲೆ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿ "ಹೇಗಿದೆ?" ಎಂದ. ಪಕ್ಕದಲ್ಲಿ ಖಾಲಿ ಎಣ್ಣೆಡಬ್ಬ ಇತ್ತು.

"ಇನ್ನೊಂದ್ಸಲ ಯೋಚ್ನೆ ಮಾಡಿ ಭಾವ" ಎಂದು ಭಾಮೈದ ಟೀ ಲೋಟ ಕೈಗಿಟ್ಟ. "ಎರಡನೇದು ಇನ್ನೂ ಅಲ್ಲೇ ಇದೆ. ಇದನ್ನ ಹಾಕ್ಕೊಂಡು ಟ್ರಾಫಿಕ್ಕಲ್ಲಿ ಸಿಕ್ಕಿಹಾಕ್ಕೊಂಡ್ರೆ ತಳ್ಳೋಕೆ ನನ್ನ ಕರೀಬೇಡಿ."

"ಕರೆಯಲ್ಲ."

"ಯಾತಕ್ಕೆ ಈ ಹಟ, ಅದನ್ನಾದ್ರೂ ಹೇಳಿ."

ಮೇಸ್ತ್ರಿ ಟೀ ಊದಿ ಊದಿ ಕುಡಿದ. ಖಾಲಿ ಲೋಟ ಕೆಳಗಿಟ್ಟು, "ನಿಮ್ಮಕ್ಕ ಗೇಟು ತೆಗೀಬೇಕು ಕಣೋ" ಎಂದ. ಭಾಮೈದ ತನ್ನ ಲೋಟವನ್ನೂ ಕೆಳಗಿಟ್ಟ. ಆಮೇಲೆ ತಾನೇ ಬಗ್ಗಿ, ಸೈಲೆನ್ಸರಿನ ಒಳಗಿನ ತಡೆಯನ್ನು ಒಂದಿಷ್ಟು ಕಿತ್ತುಹಾಕಿದ.

ಕಾರು ಹೊರಟ ದಿನ ಭಾಮೈದ ಹೇಳಿದ್ದು ಅಕ್ಷರಶಃ ನಿಜವಾಯಿತು. ಮೊದಲ ಸಿಗ್ನಲ್ಲಿನಲ್ಲೇ ನಿಂತುಹೋಯಿತು. ಹಿಂದಿನವರು ಹಾರ್ನು ಬಾರಿಸಿ, ಕಿಟಕಿಯಿಂದ ತಲೆ ಹಾಕಿ, ಮೇಸ್ತ್ರಿಯ ವಂಶವನ್ನೆಲ್ಲ ವಿಚಾರಿಸಿಕೊಂಡರು. ಮತ್ತೆ ಹೊರಟರೆ ಕುದುರೆಯ ಹಾಗೆ ಎಗರಿತು, ಮತ್ತೆ ಮುಗ್ಗರಿಸಿತು. ಊರಾಚೆಯ ಅಗಲ ರಸ್ತೆ ಸಿಕ್ಕಾಗ ಮಾತ್ರ ಸೂಜಿ ನಾಲ್ಕು ಸಾವಿರ ದಾಟಿ, ಎಂಜಿನ್ ಒಮ್ಮೆಲೇ ಎದೆ ಬಿಚ್ಚಿ ಹಾಡತೊಡಗಿತು. ಬೇರೆ ಯಾರಾದರೂ ಆಗಿದ್ದರೆ ಹಿಗ್ಗಿ ಹೀರೇಕಾಯಿಯಾಗುತ್ತಿದ್ದರು. ಮೇಸ್ತ್ರಿ ಮುಂದಿನ ತಿರುವಿನಲ್ಲೇ ಕಾರು ತಿರುಗಿಸಿಕೊಂಡು ಮನೆಯ ದಾರಿ ಹಿಡಿದ.

ಗೇಟಿನ ಮುಂದೆ ನಿಲ್ಲಿಸಿ, ಗೇರು ತೆಗೆದು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಎಂಜಿನ್ ಎಡವುತ್ತ, ಚೇತರಿಸಿಕೊಳ್ಳುತ್ತ, ಮತ್ತೆ ಎಡವುತ್ತ ಗುಡುಗುಡು ಎನ್ನುತ್ತಿತ್ತು. ಸ್ಟೀರಿಂಗು ನಡುಗಿತು, ಕನ್ನಡಿ ನಡುಗಿತು, ಅವನ ಕೆನ್ನೆಯ ಮಾಂಸವೂ ನಡುಗಿತು. ಗೇಟಿನ ತಗಡು ಸಣ್ಣಗೆ ಝೇಂಕರಿಸತೊಡಗಿತು.

ಒಂದು ಅಗುಳಿ ತೆರೆದ ಸದ್ದು ಕೇಳಿತು. ಎದುರುಮನೆಯದು.

"ಏನ್ರೀ ಇದು ಅನ್ಯಾಯ! ನಮ್ಮನೆ ಕಿಟಕಿ ಕಿತ್ಕೊಂಡು ಬರೋ ಹಾಗಿದೆ!" ನಿವೃತ್ತ ಟೀಚರಮ್ಮ ಟವೆಲು ಹೆಗಲಿಗೆ ಹಾಕಿಕೊಂಡು ಬೀದಿಗಿಳಿದಿದ್ದರು.

"ನಿಜವಾಗ್ಲೂ ಟೀಚರೇ? ಕಿಟಕಿ ಅಲ್ಲಾಡ್ತಾ?" ಎಂದ ಮೇಸ್ತ್ರಿ, ಮುಖ ಅರಳಿಸಿಕೊಂಡು.

"ಅಲ್ಲಾಡ್ತಾ ಅಂತ ಕೇಳ್ತೀರಲ್ಲ! ತಲೆ ಸರಿಯಿದ್ಯಾ ನಿಮಗೆ?"

ಆ ಬದಿಯ ಬಾಗಿಲು ತೆರೆಯಿತು, ಈ ಬದಿಯ ಕಿಟಕಿ ತೆರೆಯಿತು, ನಾಯಿಯೊಂದು ಓಡಿಬಂದು ಚಕ್ರಕ್ಕೆ ಬೊಗಳಿತು. ಬೀದಿಗೆ ಬೀದಿಯೇ ಎದ್ದು ಬಂದರೂ ಅವನ ಮನೆಯ ಗೇಟು ಮಾತ್ರ ಮುಚ್ಚಿಯೇ ಇತ್ತು. ಅವನು ಕಾದ. ಟೀಚರಮ್ಮ ಗೊಣಗುತ್ತ ಒಳಗೆ ಹೋದರು, ನಾಯಿಗೂ ಬೇಸರವಾಯಿತು. ಕೊನೆಗೆ ಎಂಜಿನ್ನೇ ಒಂದು ಸಲ ಕೆಮ್ಮಿ, ತಾನಾಗಿ ಆರಿಹೋಯಿತು.

ಅವನು ಇಳಿದು ಒಳಗೆ ಹೋದ. ಅಡುಗೆಮನೆಯಲ್ಲಿ ಅವಳು ಕಟ್ಟೆಗೆ ಒರಗಿ ನಿಂತಿದ್ದಳು. ಈ ಸಲ ಬೆಚ್ಚಲಿಲ್ಲ. ಕಿಟಕಿಯ ಕಡೆ ಬೆರಳು ತೋರಿಸಿ ಸಹಜವಾಗಿ ಕೇಳಿದಳು.

"ಹೊರಗೆ ಆಗ್ಲಿಂದ ಲಾರಿ ನಿಂತಿತ್ತಲ್ಲ, ಹೋಯ್ತಾ?"

ಮೇಸ್ತ್ರಿಗೆ ನಗು ಬಂತೋ ಅಳು ಬಂತೋ, ಅವನಿಗೇ ತಿಳಿಯಲಿಲ್ಲ. ಕಟ್ಟೆಯ ಪಕ್ಕದ ಕುರ್ಚಿಯ ಮೇಲೆ ಕುಸಿದು ಕೂತ. ಇಷ್ಟೆಲ್ಲ ಒದ್ದಾಡಿ, ಒಳ್ಳೆಯ ಗಾಡಿಯನ್ನು ಹಾಳುಗೆಡವಿ, ಕೊನೆಗೆ ತಾನೂ ಲಾರಿಯಾದೆ ಅಷ್ಟೆ. ತಲೆಯೆತ್ತಿ, ಅವಳಿಗೆ ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದ. "ಲಾರಿ ಅಲ್ಲ. ನಾನು."

ಅವಳು ಅವನನ್ನೇ ನೋಡಿದಳು. ಅಂಗಿಯ ತೋಳಿನ ಹೊಸ ಗ್ರೀಸು, ಉಗುರಿನ ಸಂದಿಯ ಕಪ್ಪು. ಎಷ್ಟೋ ದಿನದಿಂದ ಭಾಮೈದನ ಅಂಗಡಿಗೆಂದು ಹೋಗಿ ತಡವಾಗಿ ಬರುತ್ತಿದ್ದದ್ದು ಈಗ ಅವಳಿಗೆ ತಾಳೆಯಾಯಿತು.

"ಯಾವ ಕ್ಯಾಮ್ ಹಾಕಿದ್ರಿ?"

ಅವನು ಮೂರು ಬೆರಳು ತೋರಿಸಿ, ಅದು ಅವಳಿಗೆ ತಿಳಿಯುವುದಿಲ್ಲವೆಂದು ಹೊಳೆದು, ಕಾರು ಜೋರಾಗಿ ಓಡುವ ಹಾಗೆ ಕೈಯಾಡಿಸಿ, "ರೇಸಿಂದು" ಎಂದ.

"ರೇಸಿಂದಾ! ಬುದ್ಧಿ ಇದ್ಯೇನ್ರೀ ನಿಮಗೆ? ನಮ್ಮ ಗಾಡಿಗೆ ರೇಸಿನ ಕ್ಯಾಮಾ?" ಎಂದವಳೇ ಸೆರಗು ಬಿಗಿದು ಹೊರಟಳು. ಪಡಸಾಲೆ ದಾಟಿ, ಗ್ಯಾರೇಜಿನ ಹೊಸ್ತಿಲಿನಲ್ಲಿ ಒಂದು ಕ್ಷಣ ನಿಂತು, ಮತ್ತೆ ದಾಟಿಯೇಬಿಟ್ಟಳು. ಮೇಸ್ತ್ರಿ ಹಿಂದೆಯೇ ಬಂದ. ಅವಳು ಗೋಡೆಯ ಮೊಳೆಯಿಂದ ಉದ್ದನೆಯ ಸ್ಕ್ರೂಡ್ರೈವರನ್ನು ತೆಗೆದುಕೊಂಡು, ಗೇಟಿನಾಚೆ ನಿಂತಿದ್ದ ಕಾರಿನ ಹತ್ತಿರ ಹೋದಳು. "ಬಾನೆಟ್ ಎತ್ತಿ, ಸ್ಟಾರ್ಟ್ ಮಾಡಿ."

ಮಾಡಿದ. ಅವಳು ತುದಿಯನ್ನು ವಾಲ್ವುಗಳ ಮುಚ್ಚಳಕ್ಕೆ ಒತ್ತಿ, ಹಿಡಿಯನ್ನು ಕಿವಿಗಿಟ್ಟಳು. ಮುಖ ಬಾಡಿತು. ಇನ್ನೊಂದು ಕಿವಿಗೆ ಬದಲಾಯಿಸಿದಳು, ಅಲ್ಲೂ ಏನಿಲ್ಲ. ಮೇಸ್ತ್ರಿ ನೋಡಲಾಗದೆ ಕೀಲಿಗೆ ಕೈ ಹಾಕಿದ. ಅವಳು ಬೇಡವೆಂದು ಅಂಗೈ ತೋರಿಸಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದಳು, ದವಡೆಗೆ ಒತ್ತಿದಳು. ಆಮೇಲೆ ಏನನ್ನಿಸಿತೋ, ಗ್ರೀಸು ಮೆತ್ತಿದ ಆ ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚಿದಳು.

ಎಂಜಿನ್ ಎಡವುತ್ತಿತ್ತು, ಒಂದೊಂದು ಎಡವೂ ಹಿಡಿಯಿಂದ ಹಲ್ಲಿಗೆ, ಹಲ್ಲಿನಿಂದ ತಲೆಯೊಳಕ್ಕೆ ಹತ್ತುತ್ತಿತ್ತು. ಅವಳ ಹುಬ್ಬುಗಳು ನಿಧಾನವಾಗಿ ಮೇಲೇರಿದವು. ಮುಚ್ಚಿದ ರೆಪ್ಪೆಗಳ ಅಂಚು ಒದ್ದೆಯಾಯಿತು. ತುದಿಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದಳು, ಇನ್ನಿಷ್ಟು ಸರಿಸಿದಳು, ಅಲ್ಲಿಯೇ ನಿಂತಳು. ಹಿಡಿಯನ್ನು ಬಾಯಿಂದ ತೆಗೆದು ಮೊದಲಿನ ಗತ್ತಿನಲ್ಲೇ ಹೇಳಿದಳು.

"ಎರಡನೇ ವಾಲ್ವು ಸಡಿಲ. ಯಾವ ಕಿವುಡ ಕೂರಿಸಿದ್ದು ಇದನ್ನ?"

ಮೇಸ್ತ್ರಿ ಪಕಪಕನೆ ನಕ್ಕುಬಿಟ್ಟ. ನಗುತ್ತ ನಗುತ್ತ ಕಣ್ಣೊರೆಸಿಕೊಂಡ. ಎಂಜಿನ್ ಆರಿಸಿ, ಗೇಜು ತಂದು, ಮುಚ್ಚಳ ತೆಗೆದು ನೋಡಿದರೆ ಎರಡನೆಯದು ಸಡಿಲವಾಗಿಯೇ ಇತ್ತು. ಅದನ್ನು ಸರಿಯಾಗಿ ಕೂರಿಸಿ ಮುಚ್ಚಳ ಹಾಕಿದ.

"ಸರಿಮಾಡಿದ್ರೂ ಅಷ್ಟೇ" ಎಂದಳು ಅವಳು. "ಇದು ಈ ಗಾಡಿಗೆ ತಕ್ಕ ಕ್ಯಾಮಲ್ಲ. ನಾಳೆ ಬದಲಾಯ್ಸಿ."

"ಬದಲಾಯ್ಸಿದ್ರೆ, ನಾನು ಬಂದಿದ್ದು ನಿನಗೆ ಗೊತ್ತಾಗಲ್ಲ."

ಅವಳು ಅವನ ತುಟಿಯನ್ನು ಓದಿದಳು. ಸರಿಯಾಗಿ ಓದಿದೆನೋ ಇಲ್ಲವೋ ಎಂಬ ಹಾಗೆ ಮುಖವನ್ನೂ ಓದಿದಳು. "ಅದಕ್ಕೇನಾ?" ಎಂದಳು ಸಣ್ಣ ದನಿಯಲ್ಲಿ. ಇತ್ತೀಚೆಗೆ ಅವಳ ದನಿ ಅಷ್ಟು ಸಣ್ಣಗಾದದ್ದೇ ಇರಲಿಲ್ಲ.

"ಹ್ಞೂಂ."

"ಲಾರಿ ಅಂದ್ಕೊಂಡ್ನಲ್ಲ ನಾನು."

"ಅಂದ್ಕೋ. ತಿರುಗಿ ನೋಡಿದ್ರೆ ಸಾಕು."

ಅವಳು ಸೆರಗಿನಿಂದ ಹಿಡಿಯನ್ನು ಒರೆಸಿ ಮತ್ತೆ ಹಲ್ಲಿಗೆ ಕಚ್ಚಿಕೊಂಡು, ಸ್ಟಾರ್ಟ್ ಮಾಡಲು ಕಣ್ಣಿನಲ್ಲೇ ಹೇಳಿದಳು. ಅವನು ಕಾರ್ಬುರೇಟರಿನ ತಿರುಪಿಗೆ ಕೈಹಾಕಿದ. ಅವಳು ಬೆರಳಾಡಿಸಿದಳು: ಇನ್ನೂ ಸ್ವಲ್ಪ. ಬೇಡ, ಹಿಂದಕ್ಕೆ. ಕೂದಲೆಳೆಯಷ್ಟು ಮುಂದಕ್ಕೆ. ಎಂಜಿನ್ ನುಣ್ಣಗೆ ಓಡಲೆಂದು ಇಬ್ಬರೂ ಸೇರಿ ತಿರುಪು ತಿರುಗಿಸಿದ್ದು ಲೆಕ್ಕವಿಲ್ಲದಷ್ಟು ಸಲ. ಇವತ್ತು ಅವಳಿಗೆ ನುಣುಪು ಬೇಕಿರಲಿಲ್ಲ. ಆ ಕುಂಟುನಡೆಯಲ್ಲಿ ಬೇರೆ ಯಾವ ಗಾಡಿಗೂ ಇಲ್ಲದ ಒಂದು ಗತಿಗಾಗಿ ಹುಡುಕುತ್ತಿದ್ದಳು. ಎದುರುಮನೆಯ ಟೀಚರಮ್ಮ ಮತ್ತೆ ಬೈಯಲೆಂದು ಹೊರಬಂದು, ಕಿವಿಯಮ್ಮನನ್ನು ಬಾನೆಟ್ಟಿನ ಕೆಳಗೆ ಕಂಡು, ತಮ್ಮ ಗೇಟಿನ ಮೇಲೆ ಕೈಯೂರಿ ನಿಂತರು. ಎರಡು ಬಡಿತ, ಒಂದು ತಡೆ, ಮತ್ತೆ ಎರಡು ಬಡಿತ. ಅವಳು ಅಂಗೈಯೆತ್ತಿದಳು. ಸಾಕು.

ಮಾರನೆಯ ಸಂಜೆ ಮೇಸ್ತ್ರಿ ಭಾಮೈದನ ಸ್ಪಾನರುಗಳನ್ನು ಹಿಂದಿರುಗಿಸಿ ಬರುವಾಗ ಕಾರು ದಾರಿಯಲ್ಲಿ ಮತ್ತೆ ನಿಂತಿತು, ಮತ್ತೆ ಜನ ಬೈದರು. ಬೀದಿಯ ಮೂಲೆಗೆ ಬಂದಾಗ ಅವನ ಮುಂದೆ ಸಾಮಾನು ತುಂಬಿದ ಲಾರಿಯೊಂದು ಅಡ್ಡವಾಗಿತ್ತು. ಅದು ತೆವಳುತ್ತ ಹೋಗಿ ಅವನ ಮನೆಯ ಮುಂದೆಯೇ, ಎಂಜಿನ್ ಆರಿಸದೆ, ಗಡಗಡ ಎಂದುಕೊಂಡು ನಿಂತಿತು. ಲಾರಿಯ ಪಕ್ಕದಿಂದ, ಗಿಡ್ಡ ಗೇಟಿನ ಮೇಲೆ ಹೆಂಡತಿ ಕಾಣುತ್ತಿದ್ದಳು. ಗ್ಯಾರೇಜಿನ ಸ್ಟೂಲನ್ನು ತಂದು ಹಾಕಿಕೊಂಡು, ಬೀದಿಗೆ ಬೆನ್ನು ಮಾಡಿ, ಗೇಟಿನ ತಗಡಿಗೆ ಒರಗಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಲಾರಿ ಗಡಗುಟ್ಟಿತು. ಅವಳು ಅಲುಗಲಿಲ್ಲ, ಸುಲಿದ ಎಸಳನ್ನು ತಟ್ಟೆಗೆ ಹಾಕಿ ಇನ್ನೊಂದನ್ನು ಎತ್ತಿಕೊಂಡಳು.

ಲಾರಿ ಮುಂದಕ್ಕೆ ಹೋಯಿತು. ಮೇಸ್ತ್ರಿ ಕ್ಲಚ್ಚು ಒತ್ತಿ, ಕಾರು ತಾನಾಗಿ ಉರುಳಿಕೊಂಡು ಬರಲು ಬಿಟ್ಟ. ಎಂಜಿನ್ನಿನದು ಅದೇ ಗತಿ: ಎರಡು ಬಡಿತ, ಒಂದು ತಡೆ, ಮತ್ತೆ ಎರಡು ಬಡಿತ. ಗೇಟು ಇನ್ನೂ ಎರಡು ಮನೆ ಆಚೆಗಿತ್ತು. ಅವಳು ತಟ್ಟೆ ಕೆಳಗಿಟ್ಟು, ಸೆರಗಿನ ಸಿಪ್ಪೆ ಕೊಡವಿ ಎದ್ದು, ಸ್ಟೂಲನ್ನು ಪಕ್ಕಕ್ಕೆ ಸರಿಸಿ, ತಿರುಗಿ ನೋಡದೆಯೇ ಕೈ ಹಿಂದೆ ಚಾಚಿ ಅಗುಳಿ ತೆಗೆದಳು.